ಬಿಳಿ ಹೋಗುವುದು, ವಿಡಿಆರ್‌ಎಲ್ ಮತ್ತು ಹೊಟ್ಟೆಯಲ್ಲಿರುವ ಮಗು

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. ಮಗಳಿಗೆ ನಾಲ್ಕನೇ ತಿಂಗಳು. ಆಸ್ಪತ್ರೆಗೆ ಹೋಗಿ ತಾಯಿ ಕಾರ್ಡ್ ಮಾಡಿಸಿಕೊಂಡು ಬಂದಿದ್ದಾರೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಎಚ್‌ಐವಿ ಎಲ್ಲದರ ಕೆಳಗೆ ವಿಡಿಆರ್‌ಎಲ್ ಅಂತ ಇತ್ತಂತೆ. ಅದೇನು ಅಂತ ಅಳಿಯ ಮೊಬೈಲಿನಲ್ಲಿ ಹುಡುಕಿದ್ದಾನೆ. ಸಿಫಿಲಿಸ್ ಅನ್ನುವ ಲೈಂಗಿಕ ಕಾಯಿಲೆಯ ಪರೀಕ್ಷೆ ಅಂತ ಬಂದಿದೆ. ಅಲ್ಲಿಗೆ ಮನೆಯಲ್ಲಿ ಎಲ್ಲರ ಮಾತೂ ನಿಂತುಹೋಗಿದೆ. "ಏನಮ್ಮಾ ಇದು, ನಮ್ಮ ಹುಡುಗಿ ಮೇಲೆ ಅನುಮಾನ ಪಡ್ತಿದಾರಾ?" ಅಂತ ಅತ್ತಿಗೆ ಕೇಳಿದರು.

ಅನುಮಾನವೇನಿಲ್ಲ. ಬಸುರಿ ಅಂತ ಗೊತ್ತಾದ ಪ್ರತಿ ಹೆಣ್ಣಿಗೂ ಮಾಡುವ ಪರೀಕ್ಷೆ ಅದು. ಕಾರಣ ಇಷ್ಟೆ: ಕೆಲವು ಸೋಂಕುಗಳು ತಾಯಿಗೆ ಒಂದಿಷ್ಟೂ ತೊಂದರೆ ಕೊಡದೆ ಸುಮ್ಮನೆ ಕೂತಿರುತ್ತವೆ, ತೊಂದರೆ ಪಡುವುದು ಮಗು. ಇನ್ನು ಕೆಲವು ತಾಯಿಗೆ ಗೊತ್ತಾಗುತ್ತವೆ, ಆದರೆ ಆಕೆ ಯಾರಿಗೂ ಹೇಳುವುದಿಲ್ಲ.

ಈ ಆರ್‌ಟಿಐ ಬೇರೆ

ಯೋನಿ, ಗರ್ಭಕೋಶದ ಬಾಯಿ, ಗರ್ಭಕೋಶ, ಅಂಡನಾಳ, ಅಂಡಾಶಯ. ಹೆಣ್ಣಿನ ದೇಹದಲ್ಲಿ ಇವೆಲ್ಲ ಒಂದೇ ದಾರಿಯ ಬೇರೆ ಬೇರೆ ನಿಲ್ದಾಣಗಳಿದ್ದ ಹಾಗೆ. ಈ ದಾರಿಯಲ್ಲಿ ಎಲ್ಲಿ ಸೋಂಕಾದರೂ ಅದನ್ನು ಸಂತಾನಾಂಗದ ಸೋಂಕು ಅನ್ನುತ್ತಾರೆ. ಆರೋಗ್ಯ ಇಲಾಖೆಯವರ ಬಾಯಲ್ಲಿ ಅದು ಆರ್‌ಟಿಐ. ಮಾಹಿತಿ ಹಕ್ಕಿನ ಆರ್‌ಟಿಐಗೂ ಇದಕ್ಕೂ ಸಂಬಂಧವಿಲ್ಲ. ಉರಿಮೂತ್ರದ ಸೋಂಕು, ಅಂದರೆ ಯುಟಿಐ ಕೂಡ ಬೇರೆಯೇ. ಅದು ಮೂತ್ರದ ದಾರಿಯದ್ದು.

ಈ ಸೋಂಕು ಮೂರು ರೀತಿಯಲ್ಲಿ ಬರುತ್ತದೆ. ಲೈಂಗಿಕ ಸಂಪರ್ಕದಿಂದ ಬರುವುದು ಒಂದು: ಸಿಫಿಲಿಸ್, ಗೊನೋರಿಯಾ, ಕ್ಲಮೀಡಿಯಾ, ಟ್ರೈಕೊಮೊನಾಸ್, ಹರ್ಪಿಸ್, ಎಚ್‌ಐವಿ. ಹೆರಿಗೆ, ಗರ್ಭಪಾತ, ಕಾಪರ್-ಟಿ ಹಾಕುವಾಗ ಶುಚಿ ಸಾಲದೆ ಬರುವುದು ಇನ್ನೊಂದು. ಮೂರನೆಯದು ಹೊರಗಿನಿಂದ ಬರುವುದೇ ಅಲ್ಲ. ನಮ್ಮ ಮೈಯಲ್ಲೇ ಇರುವ ಸೂಕ್ಷ್ಮಜೀವಿಗಳು ಲೆಕ್ಕ ತಪ್ಪಿ ಬೆಳೆದಾಗ ಆಗುವುದು. ತೀರಾ ಸಾಮಾನ್ಯವಾದದ್ದು ಇದೇ. ಸೋಂಕು ಅಂದ ಕೂಡಲೇ ಹೆಂಡತಿಯ ಮೇಲೋ ಗಂಡನ ಮೇಲೋ ಕಣ್ಣು ಕೆಂಪಗೆ ಮಾಡುವವರು ಈ ಮೂರನೆಯದನ್ನು ನೆನಪಿಡಬೇಕು.

ಹೆಪ್ಪು ಹಾಕಿದ ಪಾತ್ರೆ

ಲೆಕ್ಕ ತಪ್ಪುವುದು ಅಂದರೇನು? ಮೊಸರಿನ ಪಾತ್ರೆಯನ್ನು ನೆನೆಸಿಕೊಳ್ಳಿ. ಹೆಪ್ಪು ಹಾಕಿದ ಹಾಲಲ್ಲಿ ಬ್ಯಾಕ್ಟೀರಿಯಾ ಬೆಳೆದು ಹುಳಿ ಮಾಡುತ್ತವೆ. ಆ ಹುಳಿ ಇರುವ ತನಕ ಹಾಲು ಕೆಡಿಸುವ ಬೇರೆ ಜೀವಿಗಳಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಹಾಲನ್ನು ಹಾಗೇ ಹೊರಗಿಟ್ಟರೆ ನಾಳೆಗೆ ಕೆಡುತ್ತದೆ, ಹೆಪ್ಪು ಹಾಕಿದರೆ ನಾಳೆಗೆ ಮೊಸರಾಗುತ್ತದೆ.

ಯೋನಿಯ ಒಳಗೂ ನಡೆಯುವುದು ಇದೇ. ಅಲ್ಲಿನ ಒಳಪದರದಲ್ಲಿ ಗ್ಲೈಕೋಜನ್ ಅನ್ನುವ ಸಕ್ಕರೆಯಂಥ ವಸ್ತು ಇರುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಅದರಿಂದ ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮೊಸರಿನಲ್ಲಿ ಕೆಲಸ ಮಾಡುವವರ ನೆಂಟರೇ ಇವರು. 1892ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ ಇವನ್ನು ವಿವರಿಸಿದರು. ಹುಳಿಯ ಅಳತೆಯಾದ ಪಿಎಚ್ ಅಲ್ಲಿ ಸಾಮಾನ್ಯವಾಗಿ 3.8ರಿಂದ 4.5ರ ಒಳಗಿರುತ್ತದೆ. ಮೊಸರಿನದೂ ಹೆಚ್ಚುಕಡಿಮೆ ಅಷ್ಟೇ.

ಈ ಹುಳಿ ಕಡಿಮೆಯಾದಾಗ ಬೇರೆಯವರಿಗೆ ಬಾಗಿಲು ತೆರೆದ ಹಾಗೆ. ಆಂಟಿಬಯಾಟಿಕ್ ತಗೊಂಡರೆ ಒಳ್ಳೆಯವೂ ಸಾಯುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಫಂಗಸ್‌ಗೆ ಹಬ್ಬ. ಇನ್ನು, ಶುಚಿ ಅಂತ ಸೋಪು, ಆಂಟಿಸೆಪ್ಟಿಕ್ ಹಾಕಿ ಒಳಗೆಲ್ಲ ತೊಳೆಯುವವರಿದ್ದಾರೆ. ಅದು ಹೆಪ್ಪಿನ ಪಾತ್ರೆಯನ್ನು ದಿನಾ ಉಜ್ಜಿ ತೊಳೆದು, ಮೊಸರೇಕೆ ಆಗಲಿಲ್ಲ ಅಂತ ಕೇಳಿದ ಹಾಗೆ. ಹೊರಗೆ ಬರೀ ನೀರು ಸಾಕು. ಒಳಭಾಗ ತನ್ನನ್ನು ತಾನೇ ನೋಡಿಕೊಳ್ಳುತ್ತದೆ.

ಬಿಳಿ ಹೋದದ್ದೆಲ್ಲ ಕಾಯಿಲೆಯಲ್ಲ

ಬಿಳಿ ಮುಟ್ಟು, ಬಿಳಿ ಸೆರಗು, ವೈಟ್ ಹೋಗುವುದು. ಹೆಸರು ಏನೇ ಇರಲಿ, ಸ್ವಲ್ಪ ಬಿಳಿ ಹೋಗುವುದು ಸಹಜ. ತಿಂಗಳ ನಡುವೆ ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಹೋಗುತ್ತದೆ. ಬಸುರಿಯಲ್ಲಿ ಇನ್ನೂ ಜಾಸ್ತಿ. ವಾಸನೆ ಇಲ್ಲ, ತುರಿಕೆ ಇಲ್ಲ, ಬಣ್ಣ ಬದಲಾಗಿಲ್ಲ ಅಂದರೆ ಹೆದರುವಂಥದ್ದೇನಿಲ್ಲ.

ನೋಡಬೇಕಾದ್ದು ಬದಲಾವಣೆಯನ್ನು. ಒಡೆದ ಹಾಲಿನ ಗಸಿಯ ಹಾಗೆ ಗಟ್ಟಿ ಗಟ್ಟಿಯಾಗಿ, ತಡೆಯಲಾರದ ತುರಿಕೆಯ ಜೊತೆ ಬಂದರೆ ಸಾಮಾನ್ಯವಾಗಿ ಅದು ಕ್ಯಾಂಡಿಡಾ ಅನ್ನುವ ಫಂಗಸ್. ತೆಳ್ಳಗೆ, ಬೂದು ಬಣ್ಣದಲ್ಲಿ, ಮೀನಿನ ವಾಸನೆ ಹೊಡೆದರೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು. ಹೆಪ್ಪಿನ ಬ್ಯಾಕ್ಟೀರಿಯಾ ಸೋತು ಬೇರೆಯವು ಗೆದ್ದ ಸ್ಥಿತಿ ಅದು. ಹಳದಿ-ಹಸಿರು, ನೊರೆ ನೊರೆ, ಉರಿ ಇದ್ದರೆ ಟ್ರೈಕೊಮೊನಾಸ್. ಇವು ಅಂದಾಜು ಮಾತ್ರ, ಎರಡು ಸೋಂಕು ಒಟ್ಟಿಗಿರುವುದೂ ಉಂಟು. ಕ್ಲಮೀಡಿಯಾ, ಗೊನೋರಿಯಾಗಳಂತೂ ಎಷ್ಟೋ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ.

ನಮ್ಮ ಕಡೆ ಇದೆಲ್ಲಕ್ಕೂ ಇರುವ ಉತ್ತರ ಒಂದೇ: "ಉಷ್ಣ ಆಗಿದೆ." ಎಳನೀರು ಕುಡಿ, ಕಾಮಕಸ್ತೂರಿ ಬೀಜ ನೆನೆಸಿ ಕುಡಿ, ರಾತ್ರಿ ನೆನೆಸಿದ ಮೆಂತ್ಯ ತಿನ್ನು. ಇವುಗಳಿಂದ ಕೇಡೇನಿಲ್ಲ. ಆದರೆ ಸೋಂಕು ಇವಕ್ಕೆ ಜಗ್ಗುವುದಿಲ್ಲ.

ಮಗುವಿನ ತನಕ ಮೂರು ದಾರಿ

ಮೊದಲನೆಯ ದಾರಿ ಕೆಳಗಿನಿಂದ ಮೇಲಕ್ಕೆ. ಬಸುರಿಯ ಗರ್ಭಕೋಶದ ಬಾಯಿಯಲ್ಲಿ ಗಟ್ಟಿ ಲೋಳೆಯ ಬಿರಡೆಯೊಂದು ಕೂತಿರುತ್ತದೆ. ಅದರಾಚೆ ನೀರಿನ ಚೀಲ, ಚೀಲದೊಳಗೆ ಮಗು. ಕೆಲವೊಮ್ಮೆ ಬ್ಯಾಕ್ಟೀರಿಯಾ ಬಿರಡೆ ದಾಟಿ ಚೀಲದ ಪೊರೆಯ ತನಕ ಹೋಗುತ್ತವೆ. ಆಗ ತಾಯಿಯ ದೇಹ ಸುಮ್ಮನಿರುವುದಿಲ್ಲ, ಜಗಳಕ್ಕೆ ನಿಲ್ಲುತ್ತದೆ. ಆ ಜಗಳದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು ಹುಟ್ಟುತ್ತದೆ. ತೊಡಕು ಇರುವುದು ಇಲ್ಲೇ. ದಿನ ತುಂಬಿದರೂ ನೋವು ಬಾರದಿದ್ದಾಗ ಡಾಕ್ಟರು ನೋವು ಬರಿಸಲು ಜೆಲ್ ಇಡುತ್ತಾರಲ್ಲ, ಅದರಲ್ಲಿರುವುದೂ ಇದೇ ಜಾತಿಯ ಔಷಧಿ. ಅಂದರೆ ಸೋಂಕಿನ ವಿರುದ್ಧ ದೇಹ ಬಿಟ್ಟ ಬಾಣವೇ ಹೆರಿಗೆ ನೋವನ್ನು ಎಬ್ಬಿಸುತ್ತದೆ. ಪೊರೆ ಬಲ ಕಳೆದುಕೊಂಡು ನೀರು ಒಡೆಯುತ್ತದೆ. ಏಳನೇ ತಿಂಗಳೋ ಎಂಟನೇ ತಿಂಗಳೋ, ಹೆರಿಗೆ ಆಗಿಬಿಡುತ್ತದೆ.

37 ವಾರ ತುಂಬದೆ ಹುಟ್ಟಿದ ಮಗುವನ್ನು ಅವಧಿಪೂರ್ವ ಮಗು ಅನ್ನುತ್ತಾರೆ. ಬೇಗ ಹುಟ್ಟಿದಷ್ಟೂ ಶ್ವಾಸಕೋಶ ಬಲಿತಿರುವುದಿಲ್ಲ, ಮೈ ಬಿಸಿ ಉಳಿಸಿಕೊಳ್ಳಲು ಆಗುವುದಿಲ್ಲ, ಮೊಲೆ ಚೀಪಲು ಶಕ್ತಿ ಸಾಲದು. ಅವಧಿಪೂರ್ವ ಹೆರಿಗೆಗೆ ಸೋಂಕೊಂದೇ ಕಾರಣವಲ್ಲ. ಬಿಪಿ, ಅವಳಿ ಮಕ್ಕಳು, ಇನ್ನೂ ಹಲವು ಇವೆ. ಮೂತ್ರದ ಸೋಂಕೂ ಇದಕ್ಕೆ ಕಾರಣವಾಗಬಲ್ಲದು. ಬಸುರಿಯರ ಮೂತ್ರ ಪರೀಕ್ಷೆ ಮಾಡುವುದರ ಹಿಂದೆ ಈ ಲೆಕ್ಕವೂ ಇದೆ.

ಹಾಗಾದರೆ ಎಲ್ಲ ಬಸುರಿಯರಿಗೂ ವಜೈನೋಸಿಸ್ ಪರೀಕ್ಷೆ ಮಾಡಿ ಮಾತ್ರೆ ಕೊಟ್ಟುಬಿಟ್ಟರೆ ಅವಧಿಪೂರ್ವ ಹೆರಿಗೆ ನಿಲ್ಲಬೇಕಲ್ವಾ? ನಿಲ್ಲಲಿಲ್ಲ. ಲಕ್ಷಣವೇ ಇಲ್ಲದ ಸುಮಾರು 1900 ಬಸುರಿಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಮೆಟ್ರೊನಿಡಜೋಲ್ ಕೊಟ್ಟಿದ್ದರಿಂದ ವಜೈನೋಸಿಸ್ ಹೋಯಿತು, ಬೇಗ ಹೆರಿಗೆಯಾಗುವುದು ಕಡಿಮೆಯಾಗಲಿಲ್ಲ. ಹಾಗಾಗಿ ಲಕ್ಷಣ ಇದ್ದವರಿಗೆ ಚಿಕಿತ್ಸೆ ಕೊಡುತ್ತಾರೆ, ಇಲ್ಲದವರನ್ನು ಸಾಮಾನ್ಯವಾಗಿ ಹುಡುಕಿಕೊಂಡು ಹೋಗುವುದಿಲ್ಲ.

ಇದೇ ದಾರಿಯ ಇನ್ನೊಂದು ಮಾತು. ನೀರು ಒಡೆದ ಮೇಲೆ ತಡೆಗೋಡೆಯೇ ಇಲ್ಲ. 18 ಗಂಟೆ ದಾಟಿದರೂ ಹೆರಿಗೆಯಾಗದಿದ್ದರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಹೆಚ್ಚು ಅಂತ ಡಾಕ್ಟರು ಲೆಕ್ಕ ಹಾಕುತ್ತಾರೆ. ನೀರು ಹೋಗಿದೆ, ನೋವು ಬಂದಿಲ್ಲ, ಬೆಳಗಾಗಲಿ ನೋಡೋಣ ಅಂತ ಮನೆಯಲ್ಲಿ ಕೂರಬಾರದು ಅನ್ನುವುದು ಇದಕ್ಕೇ. ಎಷ್ಟು ಗಂಟೆಗೆ ಒಡೆಯಿತು ಅನ್ನುವುದನ್ನೂ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಅದನ್ನು ಕೇಳುತ್ತಾರೆ.

ಎರಡನೆಯದು ರಕ್ತದ ದಾರಿ. ತಾಯಿಯ ರಕ್ತದಿಂದ ಮಾಸನ್ನು ದಾಟಿ ಮಗುವಿಗೆ. ಸಿಫಿಲಿಸ್ ಹೋಗುವುದು ಹೀಗೆ. ಎಚ್‌ಐವಿ ಸ್ವಲ್ಪ ಮಟ್ಟಿಗೆ ಹೀಗೂ, ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ, ಆಮೇಲೆ ಎದೆಹಾಲಿನಿಂದಲೂ ಹೋಗುತ್ತದೆ. ಏನೂ ಚಿಕಿತ್ಸೆ ಇಲ್ಲದಿದ್ದರೆ ಎಚ್‌ಐವಿ ಇರುವ 100 ತಾಯಂದಿರಲ್ಲಿ 15ರಿಂದ 45 ಮಂದಿಯ ಮಕ್ಕಳಿಗೆ ಅದು ತಗಲುತ್ತದೆ. ತಾಯಿ ಸರಿಯಾಗಿ ಮಾತ್ರೆ ನುಂಗಿದರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ.

ಮೂರನೆಯದು ಹುಟ್ಟುವ ದಾರಿ. ಸಹಜ ಹೆರಿಗೆಯಲ್ಲಿ ಮಗು ಯೋನಿಯ ಮೂಲಕವೇ ಬರಬೇಕು. ಅಲ್ಲಿ ಏನಿದೆಯೋ ಅದು ಮಗುವಿನ ಕಣ್ಣು, ಬಾಯಿ, ಮೂಗಿಗೆ ಮೆತ್ತಿಕೊಳ್ಳುತ್ತದೆ. ಗೊನೋರಿಯಾ ಇದ್ದರೆ ಹುಟ್ಟಿದ ಎರಡರಿಂದ ಐದು ದಿನದೊಳಗೆ ಮಗುವಿನ ರೆಪ್ಪೆ ಊದಿ, ಕಣ್ಣು ಬಿಡಿಸಿದರೆ ಕೀವು ಸುರಿಯುತ್ತದೆ. ತಡಮಾಡಿದರೆ ಕಣ್ಣೇ ಹೋಗಬಹುದು. ಒಂದು ಕಾಲಕ್ಕೆ ಯುರೋಪಿನಲ್ಲಿ ಮಕ್ಕಳ ಕುರುಡುತನಕ್ಕೆ ಇದು ದೊಡ್ಡ ಕಾರಣವಾಗಿತ್ತು. 1880ರಲ್ಲಿ ಜರ್ಮನಿಯ ಲೈಪ್ಸಿಗ್‌ನ ಹೆರಿಗೆ ಆಸ್ಪತ್ರೆಯಲ್ಲಿ ಕಾರ್ಲ್ ಕ್ರೆಡೆ ಅನ್ನುವ ವೈದ್ಯ ಹುಟ್ಟಿದ ಮಕ್ಕಳ ಕಣ್ಣಿಗೆಲ್ಲ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರುಮಾಡಿದರು. ಅಲ್ಲಿ ನೂರಕ್ಕೆ ಹತ್ತರಷ್ಟು ಮಕ್ಕಳಿಗೆ ಬರುತ್ತಿದ್ದ ಈ ಕಾಯಿಲೆ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಕ್ಲಮೀಡಿಯಾ ನಿಧಾನಸ್ಥ. ಕಣ್ಣಿನ ತೊಂದರೆ ಐದರಿಂದ ಹದಿನಾಲ್ಕು ದಿನದಲ್ಲಿ. ಕೆಲವು ಮಕ್ಕಳಿಗೆ ಒಂದರಿಂದ ಮೂರು ತಿಂಗಳ ಒಳಗೆ, ಜ್ವರವೇ ಇಲ್ಲದೆ, ಬಿಟ್ಟು ಬಿಟ್ಟು ಕೆಮ್ಮುವ ನ್ಯುಮೋನಿಯಾ ಬರುತ್ತದೆ. ಕ್ಯಾಂಡಿಡಾ ಅಷ್ಟು ಕೆಟ್ಟದ್ದಲ್ಲ. ಮಗುವಿನ ನಾಲಿಗೆಯ ಮೇಲೆ ಹಾಲಿನಂಥ ಬಿಳಿ ಪದರ ಕೂರುತ್ತದೆ. ಹಾಲಾದರೆ ಒರೆಸಿದರೆ ಹೋಗುತ್ತದೆ, ಇದು ಹೋಗುವುದಿಲ್ಲ.

ಹರ್ಪಿಸ್‌ನದ್ದು ಮಾತ್ರ ವಿಚಿತ್ರ ಲೆಕ್ಕ. ತಾಯಿಗೆ ಹಳೆಯ ಹರ್ಪಿಸ್ ಇದ್ದರೆ ಅದರ ವಿರುದ್ಧ ಆಕೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮಗುವಿಗೂ ಹೋಗಿ ಕಾಯುತ್ತವೆ, ಅಪಾಯ ತುಂಬಾ ಕಡಿಮೆ. ಹೆರಿಗೆ ಹತ್ತಿರ ಇರುವಾಗ ಮೊದಲ ಸಲ ಬಂದರೆ ಅಪಾಯ ಬಹಳ ಜಾಸ್ತಿ. ಆಗ ಸಿಜೇರಿಯನ್ ಮಾಡುತ್ತಾರೆ.

ಇನ್ನು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್. ಎಷ್ಟೋ ಆರೋಗ್ಯವಂತ ಹೆಂಗಸರ ಯೋನಿಯಲ್ಲಿ ತಣ್ಣಗೆ ಕೂತಿರುವ ಬ್ಯಾಕ್ಟೀರಿಯಾ ಇದು. ತಾಯಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಮಗುವಿಗೆ ಹತ್ತಿದರೆ ಮೊದಲ ವಾರದಲ್ಲೇ ರಕ್ತಕ್ಕೆ ನಂಜೇರಬಹುದು. ಅಮೆರಿಕದಂಥ ದೇಶಗಳಲ್ಲಿ ಒಂಬತ್ತನೇ ತಿಂಗಳಲ್ಲಿ ಇದಕ್ಕೆ ಪರೀಕ್ಷೆ ಮಾಡಿ, ಇದ್ದರೆ ಹೆರಿಗೆ ನೋವಿನ ಹೊತ್ತಲ್ಲಿ ಪೆನಿಸಿಲಿನ್ ಕೊಡುತ್ತಾರೆ. ಅಲ್ಲಿರುವ ಕನ್ನಡದ ಹುಡುಗಿಯರು ಊರಿಗೆ ಫೋನ್ ಮಾಡಿ "ಜಿಬಿಎಸ್ ಪಾಸಿಟಿವ್ ಅಂತೆ ಅಮ್ಮ" ಅಂದಾಗ ಇಲ್ಲಿ ಅಮ್ಮನಿಗೆ ಏನೂ ಅರ್ಥವಾಗದಿರುವುದು ಸಹಜ. ನಮ್ಮಲ್ಲಿ ಎಲ್ಲರಿಗೂ ಆ ಪರೀಕ್ಷೆ ಮಾಡುವ ಪದ್ಧತಿ ಇಲ್ಲ.

ಆ ವಿಡಿಆರ್‌ಎಲ್ ವಿಷಯ

ಸಿಫಿಲಿಸ್‌ಗೆ ಹಳಬರು ಪರಂಗಿ ಹುಣ್ಣು ಅನ್ನುತ್ತಿದ್ದರು, ಪರಂಗಿಯವರ ಜೊತೆ ಬಂದದ್ದು ಅಂತ. ಇದರ ಮೊದಲ ಗುರುತು ನೋವಿಲ್ಲದ ಒಂದು ಹುಣ್ಣು. ಹೆಂಗಸರಲ್ಲಿ ಎಷ್ಟೋ ಸಲ ಅದು ಯೋನಿಯ ಒಳಗೋ ಗರ್ಭಕೋಶದ ಬಾಯಿಯ ಮೇಲೋ ಆಗುವುದರಿಂದ ಕಾಣುವುದೇ ಇಲ್ಲ. ಕೆಲವು ವಾರದಲ್ಲಿ ತಾನಾಗಿ ಮಾಯುತ್ತದೆ. ಆಮೇಲೆ ಮೈಮೇಲೆ ದದ್ದು ಬರಬಹುದು, ಅದೂ ಹೋಗುತ್ತದೆ. ಕಾಯಿಲೆ ಹೋಗಿರುವುದಿಲ್ಲ, ಅಡಗಿರುತ್ತದೆ. ಎಷ್ಟೋ ವರ್ಷ ಹಾಗೇ ಇರಬಹುದು. ಹೀಗಾಗಿ ಕೇಳಿ ತಿಳಿಯುವ ಮಾತಲ್ಲ ಇದು, ರಕ್ತ ಪರೀಕ್ಷೆಯೊಂದೇ ದಾರಿ.

ವಿಡಿಆರ್‌ಎಲ್ ಅನ್ನುವುದು ಕಾಯಿಲೆಯ ಹೆಸರಲ್ಲ. ಅಮೆರಿಕದ ವೆನೀರಿಯಲ್ ಡಿಸೀಸ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ 1946ರಲ್ಲಿ ರೂಪಿಸಿದ ಪರೀಕ್ಷೆ, ಲ್ಯಾಬಿನ ಹೆಸರೇ ಪರೀಕ್ಷೆಗೆ ಉಳಿಯಿತು. ಚೀಟಿಯಲ್ಲಿ ನಾನ್-ರಿಯಾಕ್ಟಿವ್ ಅಂತ ಬಂದರೆ ಸರಿ. ರಿಯಾಕ್ಟಿವ್ ಅಂತ ಬಂದರೂ ಅಲ್ಲಿಗೇ ತೀರ್ಪಾಗಲಿಲ್ಲ. ಕೆಲವು ಬೇರೆ ಕಾಯಿಲೆಗಳಲ್ಲಿ, ಕೆಲವೊಮ್ಮೆ ಬಸುರಿನಲ್ಲೇ, ಇದು ಸುಳ್ಳು ಪಾಸಿಟಿವ್ ತೋರಿಸುತ್ತದೆ. ಟಿಪಿಎಚ್‌ಎಯಂಥ ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ಜಗಳ ಶುರುಮಾಡುವ ಮೊದಲು ಇದೊಂದು ಗೊತ್ತಿರಲಿ.

ನಿಜವಾಗಿ ಇದ್ದು, ಚಿಕಿತ್ಸೆ ಆಗದಿದ್ದರೆ? ಅರ್ಧಕ್ಕಿಂತ ಹೆಚ್ಚು ಬಸುರುಗಳಲ್ಲಿ ಏನಾದರೊಂದು ಕೆಡುಕಾಗುತ್ತದೆ. ಗರ್ಭ ನಿಲ್ಲುವುದಿಲ್ಲ, ಇಲ್ಲವೇ ಮಗು ಹೊಟ್ಟೆಯಲ್ಲೇ ಸಾಯುತ್ತದೆ, ಇಲ್ಲವೇ ತೂಕ ಕಡಿಮೆ. ಸೋಂಕಿನೊಂದಿಗೇ ಹುಟ್ಟುವ ಮಗುವಿನ ಅಂಗೈ ಅಂಗಾಲಿನ ಚರ್ಮ ಸುಲಿಯಬಹುದು, ಮೂಗು ಸದಾ ಸುರಿಯಬಹುದು, ಲಿವರ್ ಊದಿರಬಹುದು. ಹುಟ್ಟಿದಾಗ ಏನೂ ಕಾಣದೆ, ಬೆಳೆಯುತ್ತಾ ಹಲ್ಲು, ಕಣ್ಣು, ಕಿವಿಯಲ್ಲಿ ದೋಷ ಕಾಣಿಸುವುದೂ ಇದೆ.

ಇಷ್ಟೆಲ್ಲ ಮಾಡುವ ಕಾಯಿಲೆಗೆ ಔಷಧಿ ಏನು ಗೊತ್ತೇ? ಅದೇ ಹಳೆಯ ಪೆನಿಸಿಲಿನ್. ಆರಂಭದ ಹಂತದಲ್ಲಿದ್ದರೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದು ಸಲ, ಸೊಂಟಕ್ಕೆ. ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು. ನೋವು ಜಾಸ್ತಿ, ಖರ್ಚು ಕಡಿಮೆ. ಈ ರೋಗಾಣು ಇವತ್ತಿಗೂ ಪೆನಿಸಿಲಿನ್‌ಗೆ ಸೆಡ್ಡು ಹೊಡೆದಿಲ್ಲ. ಔಷಧಿ ಮಾಸನ್ನು ದಾಟಿ ಮಗುವಿಗೂ ತಲುಪುತ್ತದೆ. ಹೆರಿಗೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಕೊಟ್ಟಿರಬೇಕು. ಮೂರನೇ ತಿಂಗಳಲ್ಲೇ ಕಾರ್ಡ್ ಮಾಡಿಸಿ ಅಂತ ಆಶಾ ಕಾರ್ಯಕರ್ತೆ ಬೆನ್ನು ಬೀಳುವುದು ಸುಮ್ನೆ ಅಲ್ಲ.

ಶ್ರೀಲಂಕಾ ಇದನ್ನು ಮಾಡಿ ತೋರಿಸಿದೆ. ತಾಯಿಯಿಂದ ಮಗುವಿಗೆ ಸಿಫಿಲಿಸ್ ಮತ್ತು ಎಚ್‌ಐವಿ ಹೋಗುವುದನ್ನು ನಿವಾರಿಸಿದೆ ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನ್ಯತೆ ಕೊಟ್ಟಿತು. ಕ್ಯೂಬಾ 2015ರಲ್ಲೇ ಆ ಸಾಲಿನಲ್ಲಿ ಮೊದಲಾಗಿತ್ತು. ದುಡ್ಡಿದ್ದ ಮಾತ್ರಕ್ಕೆ ಆಗುವ ಕೆಲಸವೂ ಅಲ್ಲ: ಅಮೆರಿಕದಲ್ಲಿ 2022ರಲ್ಲಿ 3700ಕ್ಕೂ ಹೆಚ್ಚು ಮಕ್ಕಳು ಸಿಫಿಲಿಸ್‌ನೊಂದಿಗೆ ಹುಟ್ಟಿದರು, ಹತ್ತು ವರ್ಷದ ಹಿಂದಿನದಕ್ಕೆ ಹತ್ತು ಪಟ್ಟು.

ಹೇಳದೆ ಉಳಿದದ್ದು

ಇದೆಲ್ಲ ಹೇಳಿ ಮುಗಿಸಿದ ಮೇಲೆ ಅತ್ತಿಗೆ ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ದನಿ ತಗ್ಗಿಸಿ, "ನಂಗೂ ಎರಡು ವರ್ಷದಿಂದ ಇದೆ ಕಣಮ್ಮ, ವಾಸನೆ" ಅಂದರು. ನಿಮ್ಮಣ್ಣನಿಗೂ ಹೇಳಿಲ್ಲ ಅಂದರು. ಎರಡು ವರ್ಷ!

ಅವರೊಬ್ಬರೇ ಅಲ್ಲ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ರಾಣಿ ಬಂಗ್, ಡಾ. ಅಭಯ್ ಬಂಗ್ ಮತ್ತು ಸಂಗಡಿಗರು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದರು. 1989ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಲೆಕ್ಕ ಇದು: ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗದ ತೊಂದರೆ ಇತ್ತು, ಅದರಲ್ಲಿ ದೊಡ್ಡ ಪಾಲು ಸೋಂಕುಗಳದ್ದು. ಅದಕ್ಕೂ ಮೊದಲು ಪರೀಕ್ಷೆಯೋ ಚಿಕಿತ್ಸೆಯೋ ಸಿಕ್ಕಿದ್ದವರು ನೂರಕ್ಕೆ 8 ಮಂದಿ. ಆ ತನಕ ಹಳ್ಳಿ ಹೆಣ್ಣಿನ ಆರೋಗ್ಯ ಅಂದರೆ ಬಸುರು ಮತ್ತು ಹೆರಿಗೆ ಅಷ್ಟೇ ಅಂದುಕೊಂಡಿದ್ದವರಿಗೆ ಅದೊಂದು ಪೆಟ್ಟು.

ಡಾಕ್ಟರ ಹತ್ತಿರ ಏನು ಹೇಳಲಿ ಅನ್ನುವ ಸಂಕೋಚಕ್ಕೆ ಒಂದು ಉಪಾಯ ಇದೆ. ಬಣ್ಣ ಏನು, ವಾಸನೆ ಇದೆಯೇ, ತುರಿಕೆ ಇದೆಯೇ, ಕಿಬ್ಬೊಟ್ಟೆ ನೋಯುತ್ತದೆಯೇ, ಎಷ್ಟು ದಿನದಿಂದ? ಈ ಐದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಟ್ಟರೂ ನಡೆಯುತ್ತದೆ.

ಚಿಕಿತ್ಸೆ ಇಬ್ಬರಿಗೆ

ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್‌ಗಳಿವೆ. ಲ್ಯಾಬ್ ಇಲ್ಲದ ಕಡೆಯೂ ಲಕ್ಷಣ ನೋಡಿ ಕೊಡಲು ಬಣ್ಣದ ಪೊಟ್ಟಣಗಳಿವೆ. ಯೋನಿಯ ಸ್ರಾವಕ್ಕೆ ಹಸಿರು, ಗರ್ಭಕೋಶದ ಬಾಯಿಯ ಸೋಂಕಿಗೆ ಬೂದು, ಕಿಬ್ಬೊಟ್ಟೆ ನೋವಿಗೆ ಹಳದಿ. ಈ ಕೆಲವು ಪೊಟ್ಟಣಗಳಲ್ಲಿರುವ ಮಾತ್ರೆ ಬಸುರಿಗೆ ಆಗುವುದಿಲ್ಲ, ಆಕೆಗೆ ಬೇರೆ ಔಷಧಿ ಇದೆ. ಆದ್ದರಿಂದ ಮುಟ್ಟು ನಿಂತಿದ್ದರೆ ಅದನ್ನು ಮೊದಲೇ ಹೇಳಬೇಕು. ಪಕ್ಕದ ಮನೆಯವರ ಮಾತ್ರೆಯನ್ನು ಬಸುರಿ ನುಂಗಲೇಬಾರದು.

ಲೈಂಗಿಕವಾಗಿ ಹರಡುವ ಸೋಂಕಾದರೆ ಗಂಡನಿಗೂ ಚಿಕಿತ್ಸೆ ಆಗಬೇಕು. ಹೆಂಡತಿಗೊಬ್ಬಳಿಗೇ ಕೊಟ್ಟರೆ, ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ. ನನಗೇನೂ ಆಗಿಲ್ಲ ಅನ್ನುವ ಗಂಡಸರೇ ಹೆಚ್ಚು. ಏನೂ ಆಗಿಲ್ಲ ಅನ್ನಿಸುವುದೇ ಈ ಸೋಂಕುಗಳ ಗುಣ ಅನ್ನುವುದನ್ನು ಅವರಿಗೆ ಯಾರು ಹೇಳಬೇಕೋ!

ಮಗು ಮನೆಗೆ ಬಂದ ಮೇಲೆ

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಬಾಣಂತಿ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ ಅನ್ನುವ ಮನೆಗಳಿವೆ. ಇವರನ್ನು ಬಿಡಿ. ಮಗುವಿನ ತೂಕ, ಬಿಸಿ, ಕಣ್ಣು, ಹೊಕ್ಕುಳು ನೋಡಲೆಂದೇ ಬರುವವರು ಅವರು. ಕಣ್ಣಿಗೆ ಕಾಡಿಗೆ ಬೇಡ. ಹೊಕ್ಕುಳಿಗೆ ಬೂದಿ, ಅರಿಸಿನ, ಎಣ್ಣೆ ಏನೂ ಬೇಡ, ಒಣಗಿರಲು ಬಿಟ್ಟರೆ ಸಾಕು.

ನಂಜೇರಿದ ಎಳೆ ಮಗು ಜೋರಾಗಿ ಅಳುವುದಿಲ್ಲ, ಸುಮ್ಮನಾಗುತ್ತದೆ. ಒಳ್ಳೆ ಮಗು, ಮಲಗೇ ಇರುತ್ತದೆ ಅಂತ ಮನೆಯವರಿಗೆ ಅನ್ನಿಸುವುದು ಹೀಗೆಯೇ. ನಿನ್ನೆ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗು ಇವತ್ತು ಮೊಲೆ ಹಿಡಿಯುತ್ತಿಲ್ಲ, ಎಬ್ಬಿಸಿದರೂ ಏಳುತ್ತಿಲ್ಲ, ಮೈ ಸುಡುತ್ತಿದೆ ಅಥವಾ ತಣ್ಣಗಿದೆ, ಎದೆಗೂಡು ಒಳಸೇರುತ್ತಿದೆ, ಕಣ್ಣಲ್ಲಿ ಕೀವು, ಅಂಗಾಲಿನ ತನಕ ಹಳದಿ, ಮೈ ಸೆಟೆಯುವುದು. ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಬೇಕು. ಉಸಿರನ್ನು ಮನೆಯಲ್ಲೇ ಎಣಿಸಬಹುದು. ಮಗು ಅಳದೆ ಮಲಗಿರುವಾಗ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಹೊಟ್ಟೆ ಎಷ್ಟು ಸಲ ಏರಿಳಿಯಿತು ಅಂತ ಎಣಿಸಿ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ಮಗುವನ್ನು ಎದೆಗೆ ಒತ್ತಿ ಬೆಚ್ಚಗೆ ಹಿಡಿದುಕೊಂಡು, 108ಕ್ಕೆ ಫೋನ್ ಮಾಡಿ.